ತುಟಿ ಮೇಲಿನ ಗುಳ್ಳೆಗೂ ಡಾಕ್ಟರ್ ಬೇಕು

ತುಟಿಯ ಅಂಚಿನಲ್ಲಿ ಗುಳ್ಳೆ ಏಳುವುದು ನನಗೆ ಹೊಸದೇನಲ್ಲ. ಜ್ವರ ಬಂದು ಹೋದ ಮೇಲೆ, ನಿದ್ದೆ ಕೆಟ್ಟಾಗ, ಬಿಸಿಲಲ್ಲಿ ಜಾಸ್ತಿ ಅಲೆದಾಗ ಸರಿಯಾಗಿ ಅದೇ ಜಾಗದಲ್ಲಿ ಏಳುತ್ತದೆ. ಮೊದಲು ಚುರುಚುರು, ಆಮೇಲೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳ ಗುಂಪು, ಅವು ಒಡೆದು ಹಕ್ಕಳೆ ಕಟ್ಟಿದರೆ ನಗುವುದೂ ಕಷ್ಟ, ಬಿರಿದು ರಕ್ತ ಬರುತ್ತದೆ. ಈ ಸಲ ಅಕ್ಕನಿಗೆ ಹೆರಿಗೆ ಆಗಿತ್ತು. ಮಗು ನೋಡಲು ಹೊರಡಬೇಕು ಅನ್ನುವಾಗಲೇ ತುಟಿ ಚುರುಗುಟ್ಟಿತು. ಅವತ್ತೇ ಚರ್ಮದ ಡಾಕ್ಟರ್ ಹತ್ತಿರ ಹೋದೆ.

ಅವರು ಲೈಟ್ ಬಿಟ್ಟು ಹತ್ತಿರದಿಂದ ನೋಡಿದರು. ಪ್ರತಿ ಸಲ ಇಲ್ಲೇ ಏಳುತ್ತಾ, ಕಣ್ಣು ಕೆಂಪಾಗಿ ನೋಯುತ್ತಾ ಅಂತ ಕೇಳಿದರು. ಕಣ್ಣಿಗೆ ಹರಡಿದರೆ ದೃಷ್ಟಿಗೇ ತೊಂದರೆಯಂತೆ, ಹಾಗಾಗಿ ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗಲೇಬಾರದು. ರಕ್ತ ಪರೀಕ್ಷೆ ಏನೂ ಬೇಡ, ನೋಡಿದರೇ ಗೊತ್ತಾಗುತ್ತದೆ ಅಂದರು.

ಇದು ಹರ್ಪಿಸ್ ವೈರಸ್. ಆ ಹೆಸರು ಕೇಳಿದ ತಕ್ಷಣ ಲೈಂಗಿಕ ಕಾಯಿಲೆಯೇನೋ ಅಂತ ಮುಖ ಸಣ್ಣದಾಗುತ್ತೆ ಅಲ್ವಾ? ಆದರೆ ಬಹಳಷ್ಟು ಜನರಿಗೆ ಚಿಕ್ಕಂದಿನಲ್ಲೇ, ಮನೆಯವರ ಮುತ್ತಿನಿಂದಲೋ ಎಂಜಲಿನಿಂದಲೋ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಈ ವೈರಸ್ ಇದೆ, ಎಷ್ಟೋ ಜನರಿಗೆ ಗುಳ್ಳೆಯೇ ಏಳುವುದಿಲ್ಲ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಒಮ್ಮೆ ಬಂದರೆ ಅದು ಮುಖದ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ, ಮೈ ದಣಿದಾಗ ಅದೇ ನರ ಹಿಡಿದು ತುಟಿಗೆ ಇಳಿಯುತ್ತದೆ. ಅದಕ್ಕೇ ಯಾವಾಗಲೂ ಹೆಚ್ಚುಕಡಿಮೆ ಅದೇ ಜಾಗ.

ಪೂರ್ತಿ ಓಡಿಸುವ ಔಷಧಿ ಇಲ್ಲ. ನನಗೆ ಬರೆದುಕೊಟ್ಟಿದ್ದು ವೈರಸ್ ಹೆಚ್ಚದಂತೆ ತಡೆಯುವ ವ್ಯಾಲಸೈಕ್ಲೋವಿರ್ ಮಾತ್ರೆ, 2 ಗ್ರಾಂ ತಗೊಂಡು 12 ಗಂಟೆ ಬಿಟ್ಟು ಮತ್ತೆ 2 ಗ್ರಾಂ, ಅಷ್ಟೇ, ಒಂದೇ ದಿನ. ಬರೆಯುವ ಮೊದಲು ಕಿಡ್ನಿ ತೊಂದರೆ ಇದೆಯಾ ಅಂತ ವಿಚಾರಿಸಿದರು, ಇದ್ದವರಿಗೆ ಡೋಸ್ ಕಡಿಮೆ ಮಾಡಬೇಕಂತೆ. ಚುರುಚುರು ಅನ್ನುವಾಗಲೇ ನುಂಗಿದರೆ ಸುಮಾರು ಒಂದು ದಿನ ಬೇಗ ವಾಸಿಯಾಗುತ್ತದೆ, ಹಕ್ಕಳೆ ಕಟ್ಟಿದ ಮೇಲೆ ನುಂಗಿದರೆ ಅಂಥ ಲಾಭವಿಲ್ಲ. ಹಾಗಾಗಿ ಮುಂದಿನ ಸಲಕ್ಕೂ ಚೀಟಿ ಬರೆಸಿಕೊಂಡೆ. ನನ್ನ ಪ್ರಕಾರ ಆ ಭೇಟಿಯಲ್ಲಿ ಸಿಕ್ಕ ದೊಡ್ಡ ಉಪಕಾರ ಇದೇ, ಯಾಕೆಂದರೆ ಗುಳ್ಳೆ ಎದ್ದ ಮೇಲೆ ಅಪಾಯಿಂಟ್‌ಮೆಂಟ್‌ಗೆ ಕಾಯುತ್ತಾ ಕೂತರೆ ಮಾತ್ರೆಯ ಹೊತ್ತು ಮೀರಿರುತ್ತದೆ. ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ಹಚ್ಚಿ, ಅದನ್ನು ಯಾರಿಗೂ ಕೊಡಬೇಡಿ, ಮನೆಯಲ್ಲಿ ಬಿದ್ದಿರುವ ಸ್ಟೀರಾಯ್ಡ್ ಕ್ರೀಮ್ ಮಾತ್ರ ಹಚ್ಚಲೇಬೇಡಿ ಅಂದರು.

ಮಗುವಿನ ವಿಷಯ ಕೇಳಿದಾಗ ಅವರ ದನಿ ಗಟ್ಟಿಯಾಯಿತು. ಹಸುಗೂಸಿಗೆ ಈ ವೈರಸ್ ತಗುಲಿದರೆ ಮೆದುಳು, ಲಿವರ್‌ಗೆಲ್ಲ ಹರಡಿ ಜೀವಕ್ಕೇ ಕುತ್ತು ಬರಬಹುದು. ಹಕ್ಕಳೆ ಉದುರಿ ಚರ್ಮ ಪೂರ್ತಿ ಮಾಯುವವರೆಗೆ ಮುತ್ತು ಕೊಡುವ ಮಾತೇ ಇಲ್ಲ, ಎತ್ತಿಕೊಳ್ಳಲೂ ಹೋಗಬೇಡಿ ಅಂದರು. ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ತುಟಿ ವಾಸಿಯಾದ ಮೇಲೇ ಬರುತ್ತೇನೆ, ಅಲ್ಲಿಯವರೆಗೆ ತುಟಿ ಮೇಲೆ ಗುಳ್ಳೆ ಇರುವವರು ಯಾರೇ ಬಂದರೂ, ಎಷ್ಟೇ ಹತ್ತಿರದವರಾದರೂ, ಮಗುವನ್ನು ಕೈಗೆ ಕೊಡಬೇಡ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ ಅಂತ ಹೇಳಿದೆ.