ಅರ್ಥವಾಗುತ್ತದೆ ಎಂದೆ

ಫೆಬ್ರವರಿ 21, 2025, ಶುಕ್ರವಾರ
ರಾತ್ರಿ ಹನ್ನೊಂದೂವರೆ

ಇಂದು ಒಬ್ಬ ಹುಡುಗನಿಗೆ ಸುಳ್ಳು ಹೇಳಿದೆ. ಗುರುತು ಪರಿಚಯವಿಲ್ಲದ ಹುಡುಗ, ನನ್ನ ಅರ್ಧ ವಯಸ್ಸಿನವನು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಅದೇ ನಿದ್ದೆ ಕೆಡಿಸಿದೆ.

ಮಾತೃಭಾಷಾ ದಿನದ ಕಾರ್ಯಕ್ರಮವಿದೆ, ಬಾ ಎಂದು ಗ್ರಂಥಾಲಯದ ಅಕ್ಕ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಕಚೇರಿಯಿಂದ ನೇರವಾಗಿ ಮಾನಸಗಂಗೋತ್ರಿಗೆ ಹೋದೆ. ಈ ಉಪನ್ಯಾಸಗಳಿಗೆ ಹೋಗುವುದು ನನಗೆ ಹತ್ತು ವರ್ಷಗಳ ಅಭ್ಯಾಸ. ಪದವಿಗೇ ಓದು ನಿಲ್ಲಿಸಿದವಳು ನಾನು. ಹಿಂದಿನ ಸಾಲಿನಲ್ಲಿ ಕುಳಿತು ಕೇಳಿಯೇ ಅಮೆಜಾನಿನ ಕಾಡು, ದಕ್ಷಿಣ ಆಫ್ರಿಕಾದ ಹೋರಾಟ, ಕರಗುವ ಹಿಮನದಿಗಳು ಎಲ್ಲ ನನ್ನ ತಲೆಯೊಳಗೆ ಬಂದವು. ಯಾರು ಬಂದರೂ ಬಾಗಿಲು ತೆರೆದಿರುತ್ತದೆ, ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. 1930ರ ದಶಕದಲ್ಲೇ ಪ್ರಾಧ್ಯಾಪಕರನ್ನು ಹಳ್ಳಿಹಳ್ಳಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿದ ವಿಶ್ವವಿದ್ಯಾನಿಲಯವಿದು. ಆ ಹಳ್ಳಿಗಳ ಜಗಲಿಯಲ್ಲಿ ಕುಳಿತು ಕೇಳಿದವರ ಸಾಲಿನಲ್ಲಿ ನಾನೂ ಒಬ್ಬಳು ಎಂದುಕೊಂಡಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಮಾತನಾಡಿದವರು ನಿವೃತ್ತ ಭಾಷಾವಿಜ್ಞಾನಿ. ಮೆಲುದನಿ. ಮೊದಲ ಹತ್ತು ನಿಮಿಷ ಢಾಕಾ. 1952ರ ಇದೇ ದಿನ, ಆಗ ಪಾಕಿಸ್ತಾನದ ಭಾಗವಾಗಿದ್ದ ಆ ಊರಿನಲ್ಲಿ ಬಂಗಾಳಿಗೂ ರಾಜ್ಯಭಾಷೆಯ ಸ್ಥಾನ ಬೇಕೆಂದು ಸೆಕ್ಷನ್ 144 ಮುರಿದು ಹೊರಟ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದು, ಸತ್ತವರಲ್ಲಿ ಅಬುಲ್ ಬರ್ಕತ್ ಢಾಕಾ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುತ್ತಿದ್ದವನು ಎಂಬುದು. 1999ರಲ್ಲಿ ಯುನೆಸ್ಕೊ ಈ ದಿನವನ್ನು ಇಡೀ ಜಗತ್ತಿನ ಮಾತೃಭಾಷೆಗಳಿಗೆ ಮೀಸಲಿಟ್ಟಿತು. ಆಚರಣೆ ಆರಂಭವಾಗಿ ಈಗ 25 ವರ್ಷ. ಅಸ್ಸಾಮಿನ ಸಿಲ್ಚಾರ್ ಹೆಸರನ್ನೂ ಹೇಳಿದರು. 1961ರ ಮೇ 19ರಂದು ಅಲ್ಲಿಯೂ ಬಂಗಾಳಿಗಾಗಿ 11 ಜನ ಗುಂಡಿಗೆ ಬಲಿಯಾದರು. ಇದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅಂಡಮಾನಿನ ಬೋವಾ ಸೀನಿಯರ್ ಬಂದರು. ಪರದೆಯ ಮೇಲೆ ಮುಖ ಮೂಡಿದಾಗ ಸಭೆಯೇ ಸ್ತಬ್ಧವಾಯಿತು. ಬೋ ಭಾಷೆಯನ್ನು ಆಡುತ್ತಿದ್ದ ಕೊನೆಯ ಮನುಷ್ಯಜೀವಿ ಅವರು. 2010ರ ಜನವರಿಯಲ್ಲಿ ತೀರಿಕೊಂಡರು. ಮಾತನಾಡಲು ಯಾರೂ ಉಳಿಯದೆ ಹಕ್ಕಿಗಳೊಡನೆ ಮಾತನಾಡುತ್ತಿದ್ದರಂತೆ. ಹಕ್ಕಿಗಳಿಗೆ ಏನು ಹೇಳುತ್ತಿದ್ದಿರಬಹುದು? ಬೆಳಗಾಯಿತು, ಹಸಿವಾಯಿತು, ಮಳೆ ಬರುವಂತಿದೆ... ಮನೆಯಲ್ಲಿ ಯಾರಾದರೊಬ್ಬರಿಗೆ ಹೇಳುವ ಮಾತುಗಳನ್ನೇ ಇರಬೇಕು.

ಒಂದು ಭಾಷೆಯನ್ನು ಎಷ್ಟು ಲಕ್ಷ ಜನ ಆಡುತ್ತಾರೆಂದು ಎಣಿಸಿ ನಿಶ್ಚಿಂತರಾಗಬೇಡಿ ಎಂದರು. ಮನೆಯ ಮಗು ಅದನ್ನು ಆಡುತ್ತಿದೆಯೇ ಎಂದು ಮೊದಲು ನೋಡಬೇಕಂತೆ. ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ ‘ಕೊಹಂಗಾ ರಿಯೊ’ ಎಂದು ಆರಂಭಿಸಿದರು. ಹಾಗೆಂದರೆ ಭಾಷೆಯ ಗೂಡು. ತಂದೆ ತಾಯಂದಿರ ನಾಲಿಗೆಯಿಂದ ಭಾಷೆ ಆಗಲೇ ಜಾರಿತ್ತು. ಅಜ್ಜಿಯರ ಬಳಿ ಇನ್ನೂ ಇತ್ತು. ಹಾಗಾಗಿ ಎಳೆಯ ಮಕ್ಕಳನ್ನು ಅಜ್ಜಿಯರ ಮಡಿಲಿಗೇ ಹಾಕಿದರು.

ಪ್ರಶ್ನೋತ್ತರದಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬರು ಎದ್ದು ನಿಂತು, ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಮಾತು ಕಲಿಯುವುದು ತಡವಾಗುತ್ತದೆಯಲ್ಲವೇ ಎಂದು ಕೇಳಿದರು. ಇಲ್ಲ, ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಇದನ್ನು ಬೇಕಾದಷ್ಟು ಅಧ್ಯಯನ ಮಾಡಿ ನೋಡಿದ್ದಾರೆ ಎಂದರು. ನಾನು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡೆ.

ಪುಟ್ಟಿಗೆ ಎರಡು ವರ್ಷವಾದರೂ ಮಾತು ಬಂದಿರಲಿಲ್ಲ. ಆಗ ಇದೇ ಪ್ರಶ್ನೆಯನ್ನು ನಾನು ಒಬ್ಬರಲ್ಲಿ ಕೇಳಿದ್ದೆ. ಒಂದೇ ಭಾಷೆ ಸಾಕು ಎಂದಿದ್ದರು. ಅಂದಿನಿಂದ ತುಳು ಬಿಟ್ಟೆ. ಆರು ತಿಂಗಳಲ್ಲಿ ಪುಟ್ಟಿ ಅರಳು ಹುರಿದಂತೆ ಮಾತನಾಡತೊಡಗಿದಳು. ನಾನು ಮತ್ತೆ ತುಳು ಆರಂಭಿಸಲೇ ಇಲ್ಲ.

ಹಾಡುಗಳು ಚೆನ್ನಾಗಿದ್ದವು. ಇಥಿಯೋಪಿಯಾದ ವಿದ್ಯಾರ್ಥಿನಿಯ ಜೋಗುಳಕ್ಕೆ ಮುಂದಿನ ಸಾಲಿನ ಕೂಸು ನಿಜಕ್ಕೂ ಮಲಗಿಬಿಟ್ಟಿತು. ಕಾಫಿಯ ಹೊತ್ತಿಗೆ ಅವಳೂ ಯೆಮನಿನ ಹುಡುಗನೂ ಲೋಟ ಹಿಡಿದು ವಾದಕ್ಕೆ ನಿಂತಿದ್ದರು. ಅವಳ ಭಾಷೆಯಲ್ಲಿ ಇದು ‘ಬುನ್ನಾ’, ಅವನ ಅರಬ್ಬಿಯಲ್ಲಿ ಕಾಫಿಬೀಜಕ್ಕೆ ‘ಬುನ್’. ಪದ ಯಾರದು, ಗಿಡ ಯಾರದು? ಯೆಮನಿನಿಂದ ಏಳು ಬೀಜ ತಂದ ಬಾಬಾಬುಡನ್ ಕಥೆಯನ್ನು ಅಕ್ಕ ಹೇಳಿದಾಗ ಇಬ್ಬರೂ ಕಣ್ಣರಳಿಸಿದರು. ಅಷ್ಟು ಹೊತ್ತು ನಾನು ಎಲ್ಲವನ್ನೂ ಮರೆತು ಸಂತೋಷವಾಗಿದ್ದೆ.

ಆ ಹುಡುಗ ಸಿಕ್ಕಿದ್ದು ಹೊರಡುವಾಗ. ಕುಕ್ಕರಹಳ್ಳಿ ಕೆರೆಯ ಕಡೆ ಕತ್ತಲಾಗುತ್ತಿತ್ತು. ಬಸ್ಸಿಗೆ ಇಬ್ಬರೂ ಒಟ್ಟಿಗೆ ನಡೆದೆವು. ಬೈಲಕುಪ್ಪೆಯಲ್ಲಿ ಹುಟ್ಟಿದ ಟಿಬೆಟನ್ ಹುಡುಗ, ಎಂ.ಎ. ಓದುತ್ತಿದ್ದಾನೆ. ಎಷ್ಟು ಒಳ್ಳೆಯ ಕನ್ನಡ! ಕುಶಾಲನಗರದ ಸಂತೆಯಲ್ಲಿ ಕಲಿತದ್ದು ಎಂದ.

“ನಿಮ್ಮದು ಮೈಸೂರಿನ ಕನ್ನಡವಲ್ಲ ಮೇಡಂ.”

“ಕಾರ್ಕಳದ ಕಡೆಯವಳು. ಮನೆಮಾತು ತುಳು.”

“ನಮ್ಮ ಮನೆಯಲ್ಲಿ ಟಿಬೆಟನ್ ಬಿಟ್ಟು ಬೇರೆ ಭಾಷೆಯಲ್ಲಿ ಕೇಳಿದರೆ ಆಮಾಲಾ, ಅಂದರೆ ಅಮ್ಮ, ತಟ್ಟೆಗೆ ಏನೂ ಹಾಕುತ್ತಿರಲಿಲ್ಲ. ಹಸಿವಿಗೆ ಭಾಷೆ ಕಲಿತೆವು,” ಎಂದು ನಕ್ಕ. ತುಸು ದೂರ ನಡೆದ ಮೇಲೆ ಕೇಳಿದ, “ನಿಮ್ಮ ಮಕ್ಕಳಿಗೆ ತುಳು ಬರುತ್ತದೆಯೇ?”

“ಒಬ್ಬಳೇ ಮಗಳು. ಅವಳಿಗೆ ಅರ್ಥವಾಗುತ್ತದೆ, ಮಾತನಾಡಲು ಬರುವುದಿಲ್ಲ.”

ಊರು ಬಿಟ್ಟ ನಮ್ಮವರೆಲ್ಲ ಹೇಳುವ ಮಾತು ಇದು. ಕೇಳಿದವರು ತಲೆಯಾಡಿಸಿ ಬೇರೆ ವಿಷಯಕ್ಕೆ ಹೋಗುತ್ತಾರೆ. ಅವನೂ ತಲೆಯಾಡಿಸಿದ. ಬಸ್ ಬಂತು. ಪುಟ್ಟಿಗೆ ಅರ್ಥವೂ ಆಗುವುದಿಲ್ಲ.

ಅಮ್ಮನಿಗೆ ಮರೆವು ಆರಂಭವಾಗಿ ಎರಡು ವರ್ಷವಾಯಿತು. ಮೊದಲು ಹೋದದ್ದು ಕನ್ನಡ. ಐದನೆಯ ತರಗತಿಯವರೆಗೆ ಶಾಲೆಯಲ್ಲಿ ಕಲಿತ ಕನ್ನಡ, ವಾರಪತ್ರಿಕೆಯ ಧಾರಾವಾಹಿಗಳನ್ನು ಅಕ್ಷರ ಬಿಡದೆ ಓದುತ್ತಿದ್ದ ಕನ್ನಡ, ಒಂದೊಂದೇ ಪದವಾಗಿ ಉದುರಿತು. ತುಳು ಮಾತ್ರ ಗಟ್ಟಿಯಾಗಿ ನಿಂತಿದೆ. ತಮ್ಮ ಕನ್ನಡದಲ್ಲಿ ಏನಾದರೂ ಹೇಳಿದರೆ ಈಗ ಬಂದ ನೆಂಟರನ್ನು ನೋಡಿ ನಗುವಂತೆ ನಗುತ್ತಾರಂತೆ. ಕಳೆದ ದೀಪಾವಳಿಗೆ ಹೋದಾಗ ಪುಟ್ಟಿ ಹತ್ತಿರ ಕುಳಿತು, “ಅಜ್ಜಿ, ಊಟ ಆಯಿತೇ?” ಎಂದು ಕೇಳಿದಳು. ಅಮ್ಮ ನನ್ನ ಕಡೆ ತಿರುಗಿ, “ಈ ಪೊಣ್ಣು ಏರ್?” ಎಂದರು. ಈ ಹುಡುಗಿ ಯಾರು ಎಂದು ಕೇಳಿದ್ದು ಪುಟ್ಟಿಗೆ ತಿಳಿಯಲಿಲ್ಲ. ಅಜ್ಜಿ ಏನು ಹೇಳಿದರು ಎಂದು ನನ್ನನ್ನೇ ಕೇಳಿದಳು. “ನೀನು ಎಷ್ಟು ದೊಡ್ಡವಳಾದೆ ಎಂದರು,” ಎಂದೆ. ಅದೂ ಸುಳ್ಳೇ.

ಬರ್ಕತ್ ತನ್ನ ಭಾಷೆಗಾಗಿ ಪ್ರಾಣ ಕೊಟ್ಟ. ನನ್ನ ಭಾಷೆಯನ್ನು ಯಾರೂ ನಿಷೇಧಿಸಿರಲಿಲ್ಲ, ಯಾರೂ ಬಂದೂಕು ಹಿಡಿದು ನಿಂತಿರಲಿಲ್ಲ. 2011ರ ಜನಗಣತಿಯಲ್ಲಿ ತುಳು ಆಡುವವರು 18 ಲಕ್ಷಕ್ಕೂ ಹೆಚ್ಚು. ಕಳೆದ ಸೆಪ್ಟೆಂಬರಿನಲ್ಲಿ ತುಳು ಲಿಪಿ ಯುನಿಕೋಡ್‌ಗೂ ಸೇರಿತೆಂದು ಓದಿ ನಾನು ಎಷ್ಟು ಜನರಿಗೆ ಸಂದೇಶ ಕಳುಹಿಸಿದ್ದೆ! ಕಂಪ್ಯೂಟರಿಗೆ ತುಳು ಬಂತು. ನನ್ನ ಮನೆಯ ಅಡುಗೆಕೋಣೆಯಲ್ಲಿ ಅದು ಇಲ್ಲ. ಅದನ್ನು ಕೆಳಗಿಟ್ಟವಳು ನಾನೇ. ಯಾರ ಮೇಲೂ ಹೊರಿಸುವಂತಿಲ್ಲ, ಸಲಹೆ ಕೊಟ್ಟವರ ಮೇಲೂ. ಅವರು ಹೇಳಿದ್ದು ಒಂದು ದಿನ, ನಾನು ಸುಮ್ಮನಿದ್ದದ್ದು ಹದಿಮೂರು ವರ್ಷ.

ಮನೆಗೆ ಬಂದಾಗ ಎಂಟೂವರೆ. ಇವರು ಅನ್ನ ಸಾರು ಮಾಡಿಟ್ಟಿದ್ದರು. ಪುಟ್ಟಿಗೆ ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. ಗಣಿತದ ಪುಸ್ತಕದ ಮೇಲೆ ತಲೆಯಿಟ್ಟು ಕುಳಿತಿದ್ದಳು. ತಟ್ಟೆ ಮುಂದಿಟ್ಟು ಆ ಹುಡುಗನ ಆಮಾಲಾ ಬಗ್ಗೆ ಹೇಳಿದೆ. ದೀಪಾವಳಿಯ ದಿನ ಅಜ್ಜಿ ನಿಜವಾಗಿ ಏನು ಕೇಳಿದ್ದರು ಎಂಬುದನ್ನೂ ಹೇಳಿದೆ. ತುತ್ತು ಕೈಯಲ್ಲೇ ನಿಂತಿತು.

“ಆವತ್ತೇ ಯಾಕೆ ಹೇಳಲಿಲ್ಲ?”

ನನ್ನ ಬಳಿ ಉತ್ತರವಿರಲಿಲ್ಲ. ಅವಳ ಕಣ್ಣು ತುಂಬಿತ್ತು. ಸಿಟ್ಟೋ ದುಃಖವೋ ತಿಳಿಯಲಿಲ್ಲ. ಊಟ ಮುಗಿಸಿ ಕೋಣೆಗೆ ಹೋದಳು. ಹತ್ತು ಗಂಟೆಗೆ ಗಣಿತದ ನೋಟ್‌ಪುಸ್ತಕದ ಕೊನೆಯ ಪುಟ ತೆರೆದುಕೊಂಡು ಬಂದು ಪಕ್ಕದಲ್ಲಿ ನಿಂತಳು. ನಾನು ನಾಳೆ ಫೋನ್ ಮಾಡುತ್ತೇನೆ ಎಂದು ಅಜ್ಜಿಗೆ ಹೇಗೆ ಹೇಳುವುದು ಎಂದು ಕೇಳಿದಳು. ‘ಯಾನ್ ಎಲ್ಲೆ’ ಎಂದು ಆರಂಭಿಸಿದೆ, ಬರೆದುಕೊಂಡಳು. ಎಲ್ಲೆ ಎಂದರೆ ನಾಳೆ. ನಾಡಿದ್ದಿಗೆ? ‘ಎಲ್ಲಂಜಿ’. ಅದರ ಮರುದಿನಕ್ಕೆ? ಅದಕ್ಕೂ ಅಮ್ಮ ಒಂದು ಪದ ಹೇಳುತ್ತಿದ್ದರು. ಕೊಯ್ಲಿಗೆ ಆಳುಗಳನ್ನು ಕರೆಯುವಾಗ ಅಂಗಳದ ಅಂಚಿನಲ್ಲಿ ನಿಂತು ದೊಡ್ಡ ದನಿಯಲ್ಲಿ, ಬೆರಳು ಮಡಿಸಿ ಎಣಿಸುತ್ತಾ, ಎಲ್ಲೆ, ಎಲ್ಲಂಜಿ, ಆಮೇಲೆ...