ಕಲ್ಕತ್ತಾ ಚೈನಾಟೌನಲ್ಲಿ ಏನು ತಿನ್ನೋದು ಅಂತ ಕೇಳುವವರಿಗೆ

"ಕಲ್ಕತ್ತಾಗೆ ಹೊರಟಿದೀವಿ, ಚೈನಾಟೌನಲ್ಲಿ ಏನು ಚೆನ್ನಾಗಿರತ್ತೆ?" ಒಂದೇ ಸಲ ಬರೆದು ಹಾಕುತ್ತಿದ್ದೇನೆ, ಇನ್ನು ಫೋನ್ ಬೇಡ.

ಮೊದಲು ಯಾವ ಚೈನಾಟೌನ್ ಅಂತ ಹೇಳಿ. ಇರುವುದು ಎರಡು. ಹಳೆಯದು ಟಿರೆಟ್ಟಾ ಬಜಾರ್, ಲಾಲ್‌ಬಜಾರ್ ಪೊಲೀಸ್ ಕಚೇರಿಯ ಹತ್ತಿರ, ಪೊದ್ದಾರ್ ಕೋರ್ಟ್ ಕಟ್ಟಡದ ಹಿಂದೆ. ಅಲ್ಲಿ ಬೆಳಗಿನ ತಿಂಡಿ ಮಾತ್ರ. ಭಾನುವಾರ ಆರು ಗಂಟೆಗೆಲ್ಲ ಹೋದರೆ ಬಿಸಿ ಬಾವ್ (ಹಬೆಯಲ್ಲಿ ಬೇಯಿಸಿದ ಬನ್), ಮೀನುಂಡೆ ಸೂಪ್ ಸಿಗುತ್ತದೆ. ಎದ್ದು, ಸ್ನಾನ ಮಾಡಿ, ನಿಧಾನಕ್ಕೆ ಹೋದವರಿಗೆ ಖಾಲಿ ಪಾತ್ರೆ. ರಾತ್ರಿ ಊಟಕ್ಕೆ ಟ್ಯಾಂಗ್ರಾ. ಅದು ಚರ್ಮ ಹದ ಮಾಡುವವರ ಕೇರಿಯಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಕಾರ್ಖಾನೆಗಳನ್ನು ಊರಾಚೆಗೆ ಕಳಿಸಿತು, ಎಷ್ಟೋ ಜಾಗಗಳು ಹೋಟೆಲಾದವು.

"ಅಸಲಿ ಗೋಬಿ ಮಂಚೂರಿ ಅಲ್ಲೇ ಅಲ್ವಾ?" ಅಲ್ಲ. ಮಂಚೂರಿ 1975ರಲ್ಲಿ ಮುಂಬೈಯಲ್ಲಿ, ಅದೂ ಕೋಳಿಯಲ್ಲಿ ಶುರುವಾಯಿತು ಅನ್ನುತ್ತಾರೆ. ಅದನ್ನು ಮಾಡಿದ ನೆಲ್ಸನ್ ವಾಂಗ್ ಮಾತ್ರ ಕಲ್ಕತ್ತಾದವರು. ಕೆಂಪು ಬಣ್ಣ ಸುರಿದವರು ನಾವು. 2024ರಲ್ಲಿ ಕರ್ನಾಟಕ ಸರ್ಕಾರವೇ ಆ ಬಣ್ಣವನ್ನು ನಿಲ್ಲಿಸಬೇಕಾಯಿತು.

ಅಲ್ಲಿನವರು ಏನು ತಿಂತಾರೆ ಅಂತ ಇಷ್ಟು ಜನ ಕೇಳಿದ್ದೀರಿ. ಏನು ಓದುತ್ತಿದ್ದರು ಅಂತ ಒಬ್ಬರಾದರೂ?

ಅಲ್ಲಿನ ಚೀನೀಯರಲ್ಲಿ ಚರ್ಮದ ಕೆಲಸದವರು ಹಕ್ಕಾ ಮಾತಿನವರು, ಬಡಗಿಗಳು ಕ್ಯಾಂಟನೀಸ್ ಮಾತಿನವರು, ಹಲ್ಲು ಕಟ್ಟುವವರು ಚೀನಾದ ಹುಬೇ ಕಡೆಯವರು. ಇವರ ಮಾತು ಅವರಿಗೆ ತಿಳಿಯದು, ಆದರೆ ಬರಹ ಎಲ್ಲರಿಗೂ ಒಂದೇ. ಹಾಗಾಗಿ ಒಂದು ಪತ್ರಿಕೆ ಮೂರು ಗುಂಪಿಗೂ ಸಾಕು. 'ಚೈನೀಸ್ ಜರ್ನಲ್ ಆಫ್ ಇಂಡಿಯಾ' 1935ರಲ್ಲಿ ಬಂತು, ಲೀ ಯೂನ್ ಚಿನ್ ಅವರ 'ಸಿಯೋಂಗ್ ಪೌ' 1969ರಲ್ಲಿ.

ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಚೀನೀ ಪತ್ರಿಕೆ ಅಂದರೆ ಕಾಲು ನೋಯುವ ಕೆಲಸ. ಒತ್ತಕ್ಷರಗಳ ಕಾಟ ಎಷ್ಟೇ ಇದ್ದರೂ ಕನ್ನಡದ ಮೊಳೆಗಳೆಲ್ಲ ನಿಂತಲ್ಲೇ ಕೈಗೆ ಸಿಗುತ್ತಿದ್ದವು. ಅಲ್ಲಿ ಸಾವಿರಾರು ಅಕ್ಷರ. ಹೆಚ್ಚು ಬಳಕೆಯವು ನಡುವೆ, ಅಪರೂಪದವು ಅಕ್ಕಪಕ್ಕ. ಅಕ್ಷರದೊಳಗೆ ನೀರಿನ ಗುರುತಿರುವವು ಒಂದು ಕಡೆ, ಮರದ ಗುರುತಿನವು ಇನ್ನೊಂದು ಕಡೆ. ಸಾಲುಗಳ ನಡುವೆ ನಡೆದಾಡುತ್ತಲೇ ಜೋಡಿಸಬೇಕು. ಅಚ್ಚಾದ ಮೇಲೆ ಪ್ರತಿ ಮೊಳೆಯೂ ತನ್ನ ಮನೆಗೇ ಹೋಗಬೇಕು. ಪಕ್ಕದ ಮನೆಗೆ ಬಿದ್ದರೆ ಮುಂದಿನ ಸಂಚಿಕೆಯಲ್ಲಿ ತಪ್ಪು ಖಾತರಿ. ಇಲ್ಲದ ಅಕ್ಷರ ಬೇಕಾದರೆ ಮರದಲ್ಲಿ ಕೆತ್ತಿಕೊಳ್ಳುವುದೇ.

ಕಂಪ್ಯೂಟರ್ ಮೊಳೆಯ ಕಷ್ಟ ಕಳೆಯಿತು, ಓದುಗರನ್ನು ತಂದುಕೊಡಲಿಲ್ಲ. 1962ರ ಭಾರತ-ಚೀನಾ ಯುದ್ಧದ ಹೊತ್ತಿನಲ್ಲಿ ಸುಮಾರು 3000 ಚೀನೀ ಮೂಲದವರನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಿದ್ದರು. ಆಮೇಲೆ ಎಷ್ಟೋ ಮನೆಯವರು ಕೆನಡಾ ಸೇರಿದರು. ಉಳಿದವರ ಮಕ್ಕಳು ಇಂಗ್ಲಿಷ್ ಶಾಲೆ. ಮನೆಯಲ್ಲಿ ಹಕ್ಕಾ ಮಾತು ಸಲೀಸು, ಅಕ್ಷರ ಬಾರದು. (ಬೆಂಗಳೂರಿನವರು ನಗಬೇಡಿ.) ಸಿಯೋಂಗ್ ಪೌ ಕೊನೆಯ ಸಂಚಿಕೆ 2020ರ ಮಾರ್ಚ್, ಲಾಕ್‌ಡೌನ್‌ಗೆ ಮೊದಲು. ಜುಲೈನಲ್ಲಿ ಆಗಿನ ಸಂಪಾದಕರು ತೀರಿಕೊಂಡರು, ಪತ್ರಿಕೆ ಮತ್ತೆ ಬರಲಿಲ್ಲ.

ಟ್ಯಾಂಗ್ರಾದಲ್ಲಿ ಬೋರ್ಡಿನ ಚೀನೀ ಅಕ್ಷರ ಏನೆಂದು ತಿಳಿಯಬೇಕಾದರೆ ಗಲ್ಲಾದ ಮೇಲೆ ಕೂತ ಹುಡುಗನ ಬದಲು ಒಳಗೆ ಕೂತ ಅಜ್ಜನನ್ನು ಕೇಳಿ. ಊಟದ ಗಡಿಬಿಡಿ ಮುಗಿದ ಮೇಲೆ.

ಹಾಂ, ಚಿಲ್ಲಿ ಚಿಕನ್ ಚೆನ್ನಾಗಿರತ್ತೆ.