ಚಿಕ್ಕಮಗಳೂರಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?

ಒಂಬತ್ತನೆಯ ತರಗತಿಯ ದ್ರವ್ಯದ ಪಾಠದಲ್ಲಿ ಒಂದು ಚಟುವಟಿಕೆ ಇದೆ. ಮಂಜುಗಡ್ಡೆಯನ್ನು ಬೀಕರಿಗೆ ಹಾಕಿ, ಅದು ಕರಗಿ ನೀರಾಗಿ ಕುದಿಯುವವರೆಗೂ ಕಾಯಿಸುತ್ತ, ಥರ್ಮಾಮೀಟರ್ ನೋಡಿ ಬರೆದುಕೊಳ್ಳಬೇಕು. ಬಹಳ ವರ್ಷ ಇದನ್ನು ನಾನೇ ಮೇಜಿನ ಮೇಲೆ ಮಾಡಿ ತೋರಿಸುತ್ತಿದ್ದೆ. ಈ ಸಲ ಮಕ್ಕಳ ಕೈಗೇ ಕೊಟ್ಟೆ. ಆರು ಗುಂಪುಗಳಿಗೆ ಆರು ಸ್ಪಿರಿಟ್ ದೀಪ, ಆರು ಥರ್ಮಾಮೀಟರ್. ಮಂಜುಗಡ್ಡೆಯನ್ನು ಬೆಳಿಗ್ಗೆಯೇ ಮೀನಿನ ಅಂಗಡಿಯಿಂದ ತರಿಸಿ ಗೋಣಿಚೀಲ ಸುತ್ತಿಟ್ಟಿದ್ದೆವು.

ಗಡ್ಡೆ ಪೂರ್ತಿ ಕರಗುವವರೆಗೆ, ಕೆಳಗೆ ದೀಪ ಉರಿಯುತ್ತಲೇ ಇದ್ದರೂ, ಪಾದರಸ ಸೊನ್ನೆಯ ಬಳಿಯಿಂದ ಏಳಲಿಲ್ಲ. ಆಮೇಲೆ ನೀರು ಕಾದು, ತಳದಿಂದ ದಪ್ಪ ಗುಳ್ಳೆಗಳು ಎದ್ದು ಮೇಲೆ ಒಡೆಯತೊಡಗಿದಾಗ ಎಲ್ಲರ ಪುಸ್ತಕ ನೋಡಿದೆ. ಎರಡು ಗುಂಪಿನವರು 96 ಎಂದೂ, ಎರಡು ಗುಂಪಿನವರು 97 ಎಂದೂ ಬರೆದಿದ್ದರು. ಉಳಿದ ಎರಡು ಗುಂಪುಗಳಲ್ಲಿ 100 ಎಂದಿತ್ತು. ಒಂದು ಗುಂಪಿನ ಥರ್ಮಾಮೀಟರಿನ ಬುರುಡೆ ಬೀಕರಿನ ತಳಕ್ಕೆ ತಾಗಿಕೊಂಡು 98 ತೋರಿಸಿದ್ದರಿಂದ, ಅವರು ಅದನ್ನು ನೂರಕ್ಕೆ ಏರಿಸಿಬಿಟ್ಟಿದ್ದರು. ಇನ್ನೊಂದರಲ್ಲಿ ಹುಡುಗಿಯೊಬ್ಬಳು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿತ್ತು. ನೂರರ ಕೆಳಗೆ 96 ಇನ್ನೂ ಮಸುಕಾಗಿ ಕಾಣುತ್ತಿತ್ತು.

“ಯಾಕಮ್ಮಾ ಅಳಿಸಿದೆ?”

“ಪುಸ್ತಕದಲ್ಲಿ ನೂರು ಅಂತ ಇದೆಯಲ್ಲ ಮೇಡಂ. ನಮ್ದೇ ತಪ್ಪಿರುತ್ತೆ.”

ಆ ಮಾತು ನನಗೆ ಬಹಳ ನೋವು ತಂದಿತು. ನಾನು ಓದುವಾಗ ಪ್ರಾಕ್ಟಿಕಲ್ ರೆಕಾರ್ಡ್ ಎಂದರೆ ಹಿಂದಿನ ವರ್ಷದವರದನ್ನು ಅಂದವಾಗಿ ನಕಲು ಮಾಡುವುದಾಗಿತ್ತು. ಒಮ್ಮೆ ನಾನೇ ನೋಡಿ ಬರೆದ ಅಳತೆಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪುಸ್ತಕದ ಅಂಕಿಯನ್ನು ಪಕ್ಕದಲ್ಲಿ ಬರೆದುಕೊಟ್ಟಿದ್ದರು. ಅದೇ ಭಯ ನನ್ನ ತರಗತಿಯ ಮಗುವಿನಲ್ಲೂ ಇದ್ದರೆ ಅದಕ್ಕೆ ನಾನೂ ಹೊಣೆ.

ನಿಜ ಹೇಳಬೇಕೆಂದರೆ ಅವಳ 96 ತಪ್ಪೇ ಅಲ್ಲ. ನೀರಿನ ಆವಿಯ ಒತ್ತಡ ಸುತ್ತಲಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ಪುಸ್ತಕದ 100 ಡಿಗ್ರಿ ಸೆಲ್ಸಿಯಸ್ ಸಮುದ್ರಮಟ್ಟದ ಲೆಕ್ಕ. ನಮ್ಮೂರು ಅದಕ್ಕಿಂತ ಸುಮಾರು 1,090 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಮೇಲಿನ ಗಾಳಿಯ ಭಾರ ಕಡಿಮೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿದು ಇಲ್ಲಿ 96, 97ರ ನಡುವೆ ನಿಲ್ಲುತ್ತದೆ. ಶಾಲೆಯ ಮೈದಾನದಿಂದ ಕಾಣುವ ಮುಳ್ಳಯ್ಯನಗಿರಿಯ ತುದಿಯಲ್ಲಿ, ಅಂದರೆ 1,930 ಮೀಟರಿನಲ್ಲಿ, 94ಕ್ಕೂ ಕೆಳಗೇ ಕುದಿಯುತ್ತದೆ.

ಇದನ್ನು ಬಾಯಲ್ಲಿ ಹೇಳಿ ಬಿಡಲು ಮನಸ್ಸಾಗಲಿಲ್ಲ. ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಕಾಲುಭಾಗದಷ್ಟು ಬಿಸಿನೀರು ಎಳೆದುಕೊಂಡು, ಒಳಗಿನ ಗಾಳಿಯನ್ನು ಹೊರಗೆ ತಳ್ಳಿ, ಬಾಯಿಗೆ ರಬ್ಬರಿನ ಮುಚ್ಚಳ ಬಿಗಿದು, ಹಿಂಬದಿಯ ದಂಡವನ್ನು ಜಗ್ಗಿ ಎಳೆದೆ. ಬೀಕರಿನಲ್ಲಿ ಕುದಿ ನಿಂತು ತಣಿಯುತ್ತಿದ್ದ ಅದೇ ನೀರು ಸಿರಿಂಜಿನೊಳಗೆ ಬುಳುಬುಳು ಕುದಿಯಿತು. ದಂಡ ಬಿಟ್ಟೊಡನೆ ತಣ್ಣಗೆ ಸುಮ್ಮನಾಯಿತು. ಹಿಂದಿನ ಬೆಂಚಿನವರು ಎದ್ದು ಬಂದು ನನ್ನ ಭುಜದ ಮೇಲಿಂದ ಇಣುಕಿದರು. ಹಾಗಾದರೆ ಕುಕ್ಕರಿನಲ್ಲಿ ಇದರ ತಿರುವುಮುರುವು ನಡೆಯುತ್ತದೆಯೇ ಎಂದು ಹುಡುಗನೊಬ್ಬ ತಾನಾಗಿಯೇ ಕೇಳಿದ. ಹೌದು, ಅಲ್ಲಿ ಒತ್ತಡ ಏರಿ ನೀರು 120 ಡಿಗ್ರಿಯ ಹತ್ತಿರ ಹೋಗುವುದರಿಂದಲೇ ಬೇಳೆ ಬೇಗ ಬೇಯುತ್ತದೆ.

ದಸರಾ ರಜೆಗೆ ರಬ್ಬರು ಉಜ್ಜಿದ ಹುಡುಗಿ ಮಂಗಳೂರಿನ ಸೋದರಮಾವನ ಮನೆಗೆ ಹೊರಟಿದ್ದಳು. ಅದೇ ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, ದೊಡ್ಡವರನ್ನು ಜೊತೆಗಿಟ್ಟುಕೊಂಡೇ ನೋಡಬೇಕೆಂದು ಹೇಳಿ ಕಳಿಸಿದೆ. ರಜೆ ಮುಗಿದ ದಿನ ಥರ್ಮಾಮೀಟರ್ ಒಡೆಯದೆ ವಾಪಸು ಬಂತು, ಜೊತೆಗೆ ಒಂದು ಚೀಟಿ: “ಅತ್ತೆಯ ಅಡುಗೆಮನೆ. ಮೂರು ಸಲ ನೋಡಿದೆ. 99.5, 100, 99.5. ಬುರುಡೆ ತಳಕ್ಕೆ ತಾಗಿರಲಿಲ್ಲ.”